ಟೈರಿನ ಜಾತಕ

ಅಕ್ಕಿ ಗಿರಣಿಯ ಕರಿಬಸಪ್ಪನವರು ತಮ್ಮ ಹೈಬ್ರಿಡ್ ಕಾರಿಗೆ ಹೊಸ ಟೈರು ಹಾಕಿಸಲು ಭಾವಮೈದುನನ ಅಂಗಡಿಗೆ ಬಂದರು. ಮರುದಿನವೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಕಿತ್ತು. ಭಾವಮೈದುನ ಮೂಲೆಯಲ್ಲಿದ್ದ ನಾಲ್ಕು ಟೈರುಗಳನ್ನು ಒರೆಸಿ ಮಿರಮಿರ ಮಿಂಚಿಸಿ ತಂದಿಟ್ಟ.

ಕರಿಬಸಪ್ಪನವರ ಡ್ರೈವರ್ ಬಗ್ಗಿ ಅವುಗಳ ಮೇಲಿನ ಅಂಕಿ ನೋಡಿದ. ವರ್ಷಗಟ್ಟಲೆ ಬಿದ್ದಿದ್ದ ರಬ್ಬರು, ಘಾಟಿಯಲ್ಲಿ ಜಾರುವುದು ಖಂಡಿತ.

"ಬೇರೆ ನೋಡೋಣ್ರಿ ಸಾವ್ಕಾರ್ರೇ."

"ನನ್ನ ಹೆಂಡ್ತಿ ತಮ್ಮನ ಮಾಲಿನಲ್ಲಿ ಹುಳುಕು ಹುಡುಕ್ತೀಯೇನೋ? ಇನ್ನೊಂದು ಮಾತಾಡಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಜಾಕ್ ಏರಿತು. ಹಳೇ ಚಕ್ರ ಬಿಚ್ಚಿದ್ದಾಯಿತು.

ಡ್ರೈವರ್ ಕೈಮುಗಿದ. "ಆಗ್ಲಿ ಸಾವ್ಕಾರ್ರೇ. ಜಾತಕ ಒಂದು ನೋಡಿಬಿಡ್ರಿ."

"ಟೈರಿಗೆಂಥ ಜಾತಕ?"

"ಹುಟ್ಟಿದ್ದು ಮೈಮೇಲೇ ಬರೆದೈತಿ. 0718. ಹದಿನೆಂಟನೇ ಇಸವಿ, ಏಳನೇ ವಾರ. ನಮ್ಮ ಕಾರು ಹುಟ್ಟಿದ್ದು ಇಪ್ಪತ್ತೊಂದರಾಗೆ."

ಭಾವಮೈದುನ ಟೈರು ಒರೆಸಿದ ಬಟ್ಟೆಯಲ್ಲೇ ಬೆವರು ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

ಡ್ರೈವರ್ ಬಿಡಲಿಲ್ಲ. "ಹುಡುಗಿ ಮೂರು ತಿಂಗಳು ದೊಡ್ಡವಳು ಅಂತ ಸಣ್ಣ ಮಗನಿಗೆ ಬಂದ ಸಂಬಂಧ ಬಿಟ್ರಿ. ಇವು ಮೂರು ವರ್ಷ ದೊಡ್ಡವು."

ಕರಿಬಸಪ್ಪನವರು ಭಾವಮೈದುನನನ್ನೇ ದಿಟ್ಟಿಸಿದರು. "ಒಳಗಿಡು. ಈ ಸಂಬಂಧವೇ ನಮಗೆ ಬೇಡ."

ಯಾವ ಸಂಬಂಧ ಎಂದು ಕೇಳುವ ಧೈರ್ಯ ಭಾವಮೈದುನನಿಗೆ ಬರಲಿಲ್ಲ.