ಹೊಕ್ಕುಳು ಒಣಗಲಿ ಅಂದ ಸೊಸೆ

ಈ ಕತೆ ನನಗೆ ಹೇಳಿದ್ದು ನಮ್ಮ ಸೋದರತ್ತೆ ಸಣ್ಣಲಿಂಗಮ್ಮ. ಹೂಂಗುಟ್ಟದೆ ಇದ್ದರೆ ಅರ್ಧಕ್ಕೇ ನಿಲ್ಲಿಸಿಬಿಡೋಳು. ಹೂಂಗುಟ್ಟು ಪುಟ್ಟಿ.

ಒಂದಾನೊಂದು ಕಾಲದಲ್ಲಿ, ಮರಕ್ಕೂ ಗಾಯ ಆಗುತ್ತೆ ಅಂತ ಯಾರೂ ಯೋಚಿಸದ ಕಾಲದಲ್ಲಿ, ಕೆಂಪಚೆನ್ನಮ್ಮ ಅಂತ ಒಬ್ಬಳಿದ್ದಳಂತೆ, ಅವಳಿಗೆ ಮೂವರು ಸೊಸೆಯರು. ಹಿರಿಯವಳು ಬಿರುಗಾಳಿ, ನಡುವಿನವಳು ಅದರ ಹಿಂದೆ ಏಳೋ ಧೂಳು, ಕಿರಿಯವಳು ಬೋರಮ್ಮ ಮಾತ್ರ ನಿಧಾನಿ. ಅವಳನ್ನು ಕಂಡರೆ ಅತ್ತೆಗೆ ಮೈಯೆಲ್ಲ ಉರಿಯೋದಂತೆ.

ಆ ಮನೆ ಮುಂದಿದ್ದ ದೇವಗಣಗಿಲೆ ಮರ, ಬೆಳ್ಳನೆ ಎಸಳಿನ ನಡುವೆ ಅರಿಸಿನ ಹಚ್ಚಿದ ಹಾಗೆ ಹೂ ಬಿಡೋದು, ಒಂದು ದಿನ ಗಾಳಿಗೆ ಬುಡಸಮೇತ ಬಿತ್ತಂತೆ. ಆಮೇಲೆ ಅತ್ತೆ ಮೂರು ಕೊಂಬೆ ಕಡಿಸಿ ಸೊಸೆಯರಿಗೆ ಒಂದೊಂದು ಕೊಟ್ಟು, ಚಿಗುರಿಸಿದವಳಿಗೆ ಮನೆಯ ಬೀಗದ ಕೈ, ಬೋರಮ್ಮ, ನಿನ್ನದು ಒಣಗಿದರೆ ನೀನು ತವರಿಗೆ ಹೊರಡು, ಅಂದಳಂತೆ.

ಹಿರಿಯವಳು ಸೊನೆ ತೊಟ್ಟಿಕ್ಕುತ್ತಿದ್ದ ಹಾಗೇ ನೆಟ್ಟು ಕೊಡಗಟ್ಟಲೆ ನೀರು ಹುಯ್ದಳು. ನಡುವಿನವಳು ನೆಟ್ಟು, ಬೇರು ಬಂತಾ ಅಂತ ದಿನಾ ಕಿತ್ತು ನೋಡಿ ಮತ್ತೆ ಊರೋಳಂತೆ. ಬೋರಮ್ಮ ಕೊಂಬೆಯನ್ನು ಜಗಲಿಯ ನೆರಳಲ್ಲಿ ಸುಮ್ಮನೆ ಮಲಗಿಸಿದಳು.

ಏನೇ, ನಿನ್ನ ಹಾಗೇ ಅದಕ್ಕೂ ನಿದ್ದೆಯಾ, ಅಂದಳಂತೆ ಅತ್ತೆ. ತಾಯಿಯಿಂದ ಈಗಷ್ಟೇ ಬೇರೆಯಾದ ಕೂಸು ಅತ್ತೆಮ್ಮ, ಹೊಕ್ಕುಳು ಒಣಗಲಿ, ಅಂದಳಂತೆ ಬೋರಮ್ಮ. ಓರಗಿತ್ತಿಯರು ಬಾಯಿಗೆ ಸೆರಗಿಟ್ಟು ನಕ್ಕರು, ತೊಟ್ಟಿಲು ಕಟ್ಟೋಣವಾ, ಹೆಸರೇನಿಡೋಣ ಅಂತ.

ಆಮೇಲೆ ಸೊನೆ ಆರಿ ಗಾಯ ಗಟ್ಟಿಯಾದ ಮೇಲೆ ಬೋರಮ್ಮ ಅದನ್ನು ಮರಳು ಬೆರೆಸಿದ ಮಣ್ಣಿಗೆ ಊರಿ, ಬೊಗಸೆ ನೀರು ಚಿಮುಕಿಸಿ ಬಿಟ್ಟಳು. ಅಷ್ಟರಲ್ಲಿ ಹಿರಿಯವಳ ಕೊಂಬೆಯಲ್ಲಿ ಎಲೆ ಬಂತಂತೆ! ಅತ್ತೆ ಆರತಿ ಎತ್ತಿ, ಬೀಗದ ಕೈ ಹಿರಿಯವಳ ಸೊಂಟಕ್ಕೆ ಸಿಕ್ಕಿಸಿ, ಬೋರಮ್ಮ ಗಂಟು ಕಟ್ಟು ಅಂದಳು. ಒಂದು ಸಲ ಕಿತ್ತು ನೋಡಿಬಿಡಲೇ ಅಂತ ಬೋರಮ್ಮನ ಕೈಯೂ ತನ್ನ ಕೊಂಬೆಯ ಬುಡಕ್ಕೆ ಹೋಯಿತಂತೆ, ಮುಟ್ಟಿ ಹಿಂದಕ್ಕೆ ಬಂತಂತೆ. ಗಂಟು ಕಟ್ಟಿದಳು. ಆಮೇಲೆ, ಅತ್ತೆಮ್ಮ, ಆ ಎಲೆಗೆ ಕೆಳಗೆ ಬೇರಿಲ್ಲ, ತಾಯಿಮರ ಕಟ್ಟಿಕೊಟ್ಟ ಬುತ್ತಿ ಉಣ್ಣುತ್ತಿದೆ, ಬುತ್ತಿ ಮುಗಿಯೋ ತನಕ ನನ್ನನ್ನು ಇರಗೊಡಿ, ಅಂದಳಂತೆ. ಆಗಲಿ, ಅಲ್ಲೀ ತನಕ ಇರು, ಅಂದಳಂತೆ ಅತ್ತೆ.

ಬುತ್ತಿ ಮುಗಿಯಿತು, ಎಲೆ ಜೋತುಬಿತ್ತು. ಹಿರಿಯವಳು ದೃಷ್ಟಿಯಾಯಿತು ಅಂತ ಮೆಣಸಿನಕಾಯಿ ನಿವಾಳಿಸಿ ಇನ್ನೆರಡು ಕೊಡ ಹುಯ್ದಳು. ಮುಟ್ಟಿದರೆ ಬುಡ ಕೊಳೆತ ಬಾಳೆಹಣ್ಣು. ನಡುವಿನವಳದ್ದು ಒಣಗಿ ಒಲೆಗೆ ಹೋಯಿತು. ಬೋರಮ್ಮನದ್ದು ಬೋಳಾಗೇ ನಿಂತಿತ್ತು. ಇದೂ ಸತ್ತಿದೆ ಅಂತ ಅತ್ತೆ ಹೋಗಿ ಅಲ್ಲಾಡಿಸಿದಳಂತೆ. ಅದು ಅಲುಗಲಿಲ್ಲ. ಬಲವಾಗಿ ಎಳೆದಳು. ಮಣ್ಣು ಬಿಡಲಿಲ್ಲ. ಬಗ್ಗಿ ನೋಡಿದರೆ ತುದಿಯಲ್ಲಿ ಗಿಣಿಯ ಕೊಕ್ಕಿನಷ್ಟು ಹಸಿರು.

ಕೆಂಪಚೆನ್ನಮ್ಮ ಒಳಗೆ ಬಂದು, ಬೋರಮ್ಮ ಕಟ್ಟಿಟ್ಟಿದ್ದ ಗಂಟನ್ನು ತಾನೇ ಬಿಚ್ಚಿ, ಒಂದೊಂದೇ ಸೀರೆ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟು, ಹಿರಿಯವಳ ಸೊಂಟದಿಂದ ಬೀಗದ ಕೈ ಬಿಡಿಸಿ ಅದರ ಮೇಲಿಟ್ಟಳಂತೆ.

ಕತೆ ಇಲ್ಲಿಗಾಯಿತು. ನಾಳೆ ಪಕ್ಕದ ಮನೆ ರಾಜಿ ಆಡೋಕೆ ಬಂದಾಗ ಅವಳಿಗೂ ಹೇಳು ಪುಟ್ಟಿ, ಮೂವರಲ್ಲಿ ಯಾರನ್ನೂ ಬಿಡದೆ ಹೇಳು.