ಕೌದಿಯ ಕೊನೆಯ ಗೇಣು

ಓದುವ ಹಿರಿಯರಿಗೆ, ತಾಯಂದಿರಿಗೆ ನಮಸ್ಕಾರ. ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತವಳು. ನನ್ನ ಅಕ್ಷರ ಚೆನ್ನಾಗಿಲ್ಲ. ಮಾತಿಗೆ ಮಾತು ಜೋಡಿಸುವ ಬಗೆಯೂ ನನಗೆ ತಿಳಿಯದು. ಇದುವರೆಗೆ ಕಿರಾಣಿ ಅಂಗಡಿಯ ಚೀಟಿಗಳನ್ನೂ ತವರಿಗೆ ಎರಡು ಪತ್ರಗಳನ್ನೂ ಬಿಟ್ಟು ಬೇರೇನನ್ನೂ ಬರೆದಿಲ್ಲ. ಆದರೂ ನಮ್ಮೂರ ಮಠದ ಸ್ವಾಮಿಗಳಾದ ಅಜ್ಜನವರು ಹೇಳಿದ ಒಂದು ದೃಷ್ಟಾಂತವು ನನ್ನ ಜೊತೆಗೇ ಮುಗಿದುಹೋಗಬಾರದೆಂದು ಇದನ್ನು ಬರೆಯಲು ಕುಳಿತಿದ್ದೇನೆ. ಅಂದು ಕೇಳಿದವರಲ್ಲಿ ಈಗ ಉಳಿದವರು ಕಡಿಮೆ. ಇದರಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಅದು ನನ್ನ ನೆನಪಿನ ತಪ್ಪು, ಅಜ್ಜನವರ ಮಾತಿನದಲ್ಲ.

"ಅಜ್ಜಾರೇ, ಕಾದಂಬರಿಯ ಕೊನೆಯನ್ನು ಹೇಗೆ ಬರೆದರೆ ಓದಿದವರ ಮನಸ್ಸು ತುಂಬುತ್ತದೆ?"

ಹೀಗೆ ಕೇಳಿದವರು ಗದಿಗಯ್ಯ ಮಾಸ್ತರರು. ಅವರು ನಮ್ಮೂರ ಶಾಲೆಯಲ್ಲಿ ಕಲಿಸುತ್ತಿದ್ದರು, ಅಜ್ಜನವರ ಶಿಷ್ಯರೂ ಆಗಿದ್ದರು. ಹನ್ನೊಂದು ವರ್ಷ ಕುಳಿತು ಒಂದು ಕಾದಂಬರಿ ಬರೆದಿದ್ದರು. ಆ ಕಾಲದಲ್ಲಿ ಶ್ರಾವಣ ಮಾಸದ ಮಧ್ಯಾಹ್ನಗಳಲ್ಲಿ ಮಠದ ಪಡಸಾಲೆಯಲ್ಲಿ ಯಾರಾದರೂ ಏನನ್ನಾದರೂ ಓದುತ್ತಿದ್ದರು. ನಾವು ಐದಾರು ಹೆಂಗಸರು ಒಂದು ಬದಿಗೆ ಕುಳಿತು, ದಾಸೋಹದ ಜೋಳವನ್ನು ಹಸನು ಮಾಡುತ್ತ ಕೇಳುತ್ತಿದ್ದೆವು. ಅಂಥ ಮಧ್ಯಾಹ್ನಗಳು ಈಗ ಇಲ್ಲ. ಮೊರದಲ್ಲಿ ಕಾಳು ಕೇರುವ ಸಪ್ಪಳ, ಅದರ ನಡುವೆ ಒಬ್ಬರು ಓದುವ ದನಿ, ಇವೆರಡೂ ಕೂಡಿ ಬರುತ್ತಿದ್ದುದು ನನಗೆ ಇಂದಿಗೂ ಕಿವಿಯಲ್ಲಿದೆ.

ಆ ವರ್ಷ ಮಾಸ್ತರರು ತಮ್ಮ ಕಾದಂಬರಿಯನ್ನು ಓದಿದರು. ಇಪ್ಪತ್ತಾರು ದಿನ ನಾವು ಬಿಡದೆ ಕೇಳಿದೆವು. ಕೊನೆಯ ದಿನ, ಓಡಿಹೋಗಿದ್ದ ಅಣ್ಣ ಮನೆಗೆ ಬಂದ. ಮೋಸ ಮಾಡಿದವನು ಎಲ್ಲರ ಕಾಲಿಗೆ ಬಿದ್ದ. ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಂಡರು. ಬೀದಿಯ ನಾಯಿಗೂ ಒಂದು ಮನೆ ಸಿಕ್ಕಿತು.

ಮಾಸ್ತರರು ಹಾಳೆಗಳನ್ನು ಮಡಿಚಿ ನಮ್ಮ ಮುಖ ನೋಡಿದರು.

"ಚಲೋ ಐತ್ರಿ ಮಾಸ್ತರ," ಎಂದಳು ಕಲ್ಲವ್ವ. ಅವಳು ನಮ್ಮೆಲ್ಲರಿಗಿಂತ ಹಿರಿಯಳು. "ಯಾರನ್ನೂ ನಡುನೀರಾಗ ಬಿಟ್ಟಿಲ್ಲ ನೋಡ್ರಿ. ನಾಯಿ ಸೈತ ದಡ ಸೇರಿತು."

ಎಲ್ಲರೂ ನಕ್ಕರು. ನಾನೂ "ಚಲೋ ಐತಿ" ಎಂದೆ. ಸೆರಗು ಕೊಡವಿ ಎದ್ದೆವು. ಯಾರ ಮನೆಯಲ್ಲಿ ಏನು ಅಡಿಗೆ ಎಂದು ಮಾತಾಡುತ್ತ ಹೊರಟೆವು.

ಮರುದಿನ ನಾವು ಜೋಳ ಕೇರುತ್ತಿದ್ದಾಗಲೇ ಮಾಸ್ತರರು ಕಾದಂಬರಿಯ ಗಂಟನ್ನು ತಂದು ಅಜ್ಜನವರ ಮುಂದೆ ಇಟ್ಟರು. ಮೇಲೆ ಬರೆದ ಪ್ರಶ್ನೆಯನ್ನು ಕೇಳಿದರು. ಅನಂತರ ಹೀಗೆಂದರು: "ನಾನು ಯಾವ ಎಳೆಯನ್ನೂ ಬಿಡಲಿಲ್ಲ. ಎಲ್ಲಕ್ಕೂ ಉತ್ತರ ಕೊಟ್ಟೆ. ಆದರೂ ಜನ ಚಲೋ ಐತಿ ಎಂದು ಎದ್ದುಹೋದರು. ಒಬ್ಬರೂ ಒಂದು ಗಳಿಗೆ ಕುಳಿತಲ್ಲೇ ಉಳಿಯಲಿಲ್ಲ. ನನಗೆ ಬರೆಯುವ ಯೋಗ್ಯತೆ ಇಲ್ಲವೆಂದು ಕಾಣುತ್ತದೆ. ಇದನ್ನು ಒಲೆಗೆ ಹಾಕಲು ಅಪ್ಪಣೆ ಕೊಡಿ."

ಅಜ್ಜನವರು ಗಂಟಿನ ಮೇಲೆ ಕೈ ಇಟ್ಟರು. ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. ಅನಂತರ ಈ ಕತೆಯನ್ನು ಹೇಳಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ಹದಿನೈದು ದಿನ ಜ್ವರದಿಂದ ಮಲಗಿ ತೀರಿಕೊಂಡಳು. ಅವನಿಗೆ ಒಬ್ಬಳೇ ಮಗಳು, ಹರೆಯಕ್ಕೆ ಬಂದವಳು. ಹದಿನೈದು ದಿನವೂ ತಾಯಿಯ ಬಳಿ ಕುಳಿತವಳು ಅವಳೇ. ಆದರೆ ಅವಳು ಅಳಲಿಲ್ಲ. ಮಣ್ಣು ಮಾಡುವಾಗ ಅಳಲಿಲ್ಲ. ಎರಡು ತಿಂಗಳು ಕಳೆದ ಮೇಲೂ ಅಳಲಿಲ್ಲ. ನೀರು ತರುತ್ತಿದ್ದಳು. ಅಡಿಗೆ ಮಾಡಿ ತಂದೆಗೆ ಬಡಿಸುತ್ತಿದ್ದಳು. ತಾನು ಮಾತ್ರ ಎರಡು ತುತ್ತಿಗಿಂತ ಹೆಚ್ಚು ಉಣ್ಣುತ್ತಿರಲಿಲ್ಲ. ಅವಳಿಗೆ ನಿದ್ದೆಯೂ ಇರಲಿಲ್ಲ. ಕೈಬಳೆಗಳು ಮೊಳಕೈಯವರೆಗೆ ಸರಿಯುವಷ್ಟು ಸೊರಗಿದಳು. ಊರಿನ ಹಿರಿಯಳೊಬ್ಬಳು ರೈತನನ್ನು ಕರೆದು, "ಅತ್ತರ ನಿನ್ನ ಮಗಳು ಉಳದಾಳು. ಇಲ್ಲಂದ್ರ ಆಕಿಯೂ ಅವ್ವನ ಹಿಂದ ಹೋದಾಳು" ಎಂದಳು.

ರೈತನಿಗೆ ಭಯವಾಯಿತು. ತಾಯಿಯ ಸೀರೆಗಳ ಕೌದಿ ಹೊದ್ದರಾದರೂ ಮಗಳಿಗೆ ಅಳು ಬಂದೀತು ಎಂದುಕೊಂಡ. ಹೆಂಡತಿಯ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಕೌದಿ ಹೊಲಿಯುವ ಒಬ್ಬ ಹೆಂಗಸಿನ ಮನೆಗೆ ಹೋದ. ಅವಳ ಹೊಲಿಗೆ ಇರುವೆಯ ಸಾಲಿನಂತೆ ಇರುತ್ತದೆಂದು ಸುತ್ತಲಿನ ಊರುಗಳಲ್ಲಿ ಹೆಸರಾಗಿತ್ತು. ರೈತ ಗಂಟು ಬಿಚ್ಚಿ ಒಂದೊಂದೇ ಸೀರೆಯನ್ನು ತೆಗೆದ. "ಇದು ಆಕಿ ನಮ್ಮ ಮನಿ ಹೊಸ್ತಿಲ ದಾಟಿದಾಗಿಂದು. ಇದು ಮಗಳು ಹೊಟ್ಟ್ಯಾಗ ಇದ್ದಾಗಿಂದು. ಇದನ್ನ ಎಳ್ಳಮಾಸಿಗೆ ಹೊಲಕ್ಕ ಬುತ್ತಿ ಹೊತಕೊಂಡು ಬರುವಾಗ ಉಡತಿದ್ದಳು, ದೂರದಿಂದನ ಗುರುತು ಸಿಗತಿತ್ತು..."

"ತಮ್ಮಾ," ಎಂದಳು ಹೊಲಿಯುವವಳು. "ನೀ ಹಿಂಗ ಒಂದೊಂದು ಸೀರಿ ಪುರಾಣ ಹೇಳಕೋತ ಕುಂತರ ನಾ ಸೂಜಿ ಹಿಡಿಯೂದು ಯಾವಾಗ?"

ಹಾಗೆ ಹೇಳಿದರೂ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಯಾವ ಸೀರೆಯ ಪಕ್ಕದಲ್ಲಿ ಯಾವುದು ಬರಬೇಕೆಂದು ಅದರಿಂದಲೇ ತೀರ್ಮಾನಿಸಿದಳು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಮೂರು ಬದಿಗಳನ್ನು ಗಟ್ಟಿಯಾಗಿ ಹೊಲಿಯಬೇಕು. ನಾಲ್ಕನೆಯ ಬದಿಯಲ್ಲಿ ಒಂದು ಗೇಣು ತೆರೆದಿಡಬೇಕು. ಕೌದಿಯನ್ನು ಹೊದೆಯುವವರು ಬಂದು, ತಮ್ಮ ಕೈಯಿಂದ ನಾಲ್ಕು ಕಾಳು ಒಳಗೆ ಹಾಕಿ, ಆ ಗೇಣನ್ನು ತಾವೇ ಹೊಲಿದುಕೊಳ್ಳಬೇಕು. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಹಸಿದ ಕೌದಿ ನಿದ್ದೆ ಕೊಡುವುದಿಲ್ಲ ಎಂಬುದು ಅವರ ನಂಬಿಕೆ.

ಹೊಲಿಯುವವಳಿಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ನೇರವಾಗಿ ಹಾಕಿದ ಹೊಲಿಗೆಯ ಕೊನೆಗೆ ಯಾರೋ ಬಂದು ಸೊಟ್ಟ ಹೊಲಿಗೆ ಹಾಕಿಹೋಗುತ್ತಿದ್ದರು. ನೋಡುವವರ ಕಣ್ಣು ಮೊದಲು ಅಲ್ಲಿಗೇ ಬೀಳುತ್ತಿತ್ತು. ಈ ಕೌದಿ ಅವಳು ಅದುವರೆಗೆ ಹೊಲಿದ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ದುಃಖದಲ್ಲಿರುವ ಹುಡುಗಿಗೆ ಏಕೆ ತೊಂದರೆ ಕೊಡಬೇಕು ಎಂದುಕೊಂಡಳು. ತನ್ನ ಮಡಕೆಯ ನಾಲ್ಕು ಕಾಳು ಜೋಳವನ್ನು ತಾನೇ ಹಾಕಿದಳು. ಕೊನೆಯ ಗೇಣನ್ನೂ ತಾನೇ ಹೊಲಿದಳು. ಮೊದಲೆಲ್ಲಿ, ಕೊನೆಯೆಲ್ಲಿ ಎಂದು ಹುಡುಕಿದರೂ ತಿಳಿಯದಂತೆ ಮುಗಿಸಿದಳು.

ರೈತ ಕೌದಿಯನ್ನು ಮನೆಗೆ ಒಯ್ದ. ಮಗಳು ಅದನ್ನು ಹಾಸಿ ನೋಡಿದಳು. ಒಂದೊಂದು ತುಂಡಿನ ಮೇಲೂ ಬೆರಳಾಡಿಸಿದಳು. ರೈತ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಚಲೋ ಐತಿ ಅಪ್ಪಾ," ಎಂದಳು. ನಾಲ್ಕು ಮಡಿಕೆ ಮಡಿಚಿ ಟ್ರಂಕಿನಲ್ಲಿಟ್ಟು, ರೊಟ್ಟಿ ಬಡಿಯಲು ಹೋದಳು.

ಎಂಟು ದಿನ ಕಾದು ರೈತ ಹೊಲಿಯುವವಳ ಮನೆಗೆ ಕೌದಿಯನ್ನು ತಿರುಗಿ ತಂದ. "ಅಕ್ಕಾ, ಇದೇನು ಹೊಲದಿ ನೀನು? ನನ್ನ ಮಗಳು ಇದನ್ನ ಮೈಮ್ಯಾಲೆ ಎಳಕೊಳ್ಳಲೂ ಇಲ್ಲ."

ಹೊಲಿಯುವವಳಿಗೆ ಸಿಟ್ಟು ಬಂದಿತು. "ನನ್ನ ಹೊಲಿಗ್ಯಾಗ ಒಂದು ತಪ್ಪು ತೋರಿಸು. ನಾಳಿಂದ ಸೂಜಿ ಮುಟ್ಟೂದಿಲ್ಲ."

"ತಪ್ಪು ಇಲ್ಲ ಬಿಡು," ಎಂದ ರೈತ. "ಅದರಾಗ ತಪ್ಪೂ ಇಲ್ಲ, ಮತ್ತೇನೂ ಇಲ್ಲ."

ಅವಳು ಕೌದಿಯನ್ನು ಕೈಗೆ ತೆಗೆದುಕೊಂಡು, ತಾನೇ ಮುಚ್ಚಿದ ಕೊನೆಯ ಗೇಣನ್ನು ಬೆರಳಿನಿಂದ ಹುಡುಕಿದಳು. ಅನಂತರ ಸೂಜಿಯ ಮೊನೆಯಿಂದ ನಾಲ್ಕನೆಯ ಬದಿಯ ಹೊಲಿಗೆಯನ್ನು ಬಿಚ್ಚತೊಡಗಿದಳು. ಹೊಲಿಗೆ ಅಷ್ಟು ಸಣ್ಣದಾಗಿದ್ದುದರಿಂದ ಹಾಕಿದ್ದಕ್ಕಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯಿತು. ಸರಿಯಾಗಿ ಒಂದು ಗೇಣು ಬಿಚ್ಚಿ ನಿಲ್ಲಿಸಿದಳು. ತಾನು ಹಾಕಿದ್ದ ಕಾಳುಗಳನ್ನು ಕೊಡವಿ ಹೊರಗೆ ತೆಗೆದಳು.

"ಮಗಳನ್ನ ಕರಕೊಂಡು ಬಾ," ಎಂದಳು.

ಮರುದಿನ ಮಧ್ಯಾಹ್ನ ಮಗಳು ತಂದೆಯ ಜೊತೆ ಬಂದಳು. ಹೊಲಿಯುವವಳು ಅವಳ ಮುಂದೆ ಕೌದಿಯನ್ನೂ ಒಂದು ಹಿಡಿ ಜೋಳವನ್ನೂ ಇಟ್ಟಳು. "ಇದರ ಹೊಟ್ಟಿ ತುಂಬಸೂದು ನನ್ನಿಂದ ಆಗಲಿಲ್ಲ ಮಗಳ. ನೀನ ತುಂಬಸು."

ಹುಡುಗಿ ತೆರೆದ ಗೇಣನ್ನು ನೋಡಿದಳು. ಒಳಗೆ ಅವಳ ತಾಯಿಯ ಸೀರೆಗಳ ಕೆಳಮೈ ಕಾಣುತ್ತಿತ್ತು.

"ಕಾಳನ ಹಾಕಬೇಕೇನು ದೊಡ್ಡವ್ವಾ?"

"ಹಂಗೇನಿಲ್ಲ. ನಿನ್ನ ಕೈಲೆ ಹಾಕಿದ್ದಾದರ ಸಾಕು."

ಹುಡುಗಿ ಎದ್ದು ಹೊಲಿಯುವವಳ ಅಡಿಗೆಮನೆಗೆ ಹೋದಳು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಒಂದು ಚೂರು ಮುರಿದಳು. ಅದಕ್ಕೆ ಕೆಂಪು ಖಾರ ಹಚ್ಚಿಕೊಂಡು ಬಂದಳು.

ಹೊಲಿಯುವವಳು ಗಾಬರಿಯಾದಳು. "ಖಾರ ಬ್ಯಾಡ ಮಗಳ, ಬಟ್ಟಿಗೆ ಕಲೆ ಆಕ್ಕೈತಿ!"

"ಆಗಲಿ," ಎಂದಳು ಹುಡುಗಿ. "ಖಾರ ಹಚ್ಚೇ ಕೊಡು ಅಂದಿದ್ದಳು ಅವ್ವ."

ರೈತ ತಲೆಯೆತ್ತಿ ನೋಡಿದ. ಈ ಮಾತು ಅವನಿಗೆ ತಿಳಿದಿರಲಿಲ್ಲ.

"ಜ್ವರದಾಗ ಬಾಯಿ ಕೆಟ್ಟೈತಿ, ಒಂದು ಚೂರು ಖಾರ ರೊಟ್ಟಿ ಕೊಡು ಅಂದಳು. ವೈದ್ಯರು ಬ್ಯಾಡ ಅಂದಿದ್ದರು. ನಾ ಗಂಜಿ ಕುಡಿಸಿದೆ. ಮೂರು ಸಲ ಕೇಳಿದಳಪ್ಪಾ. ಮೂರನೇ ಸಲ ನಾ ಸಿಟ್ಟು ಮಾಡಿದೆ. ಆಮ್ಯಾಲೆ ಕೇಳಲಿಲ್ಲ. ಮರುದಿನ ಹೋದಳು."

ಅವಳು ಕೌದಿಯ ಪಕ್ಕದಲ್ಲಿ ಕುಳಿತಳು. ತೆರೆದ ಗೇಣಿನೊಳಗೆ ಕೈ ಹಾಕಿದಳು. ಮೊಳಕೈಯವರೆಗೂ ಕೈ ಒಳಗೆ ಹೋಯಿತು.

"ತಗೋ ಯವ್ವಾ," ಎಂದಳು. "ತಿನ್ನು."

ಆಗ ಅವಳಿಗೆ ಅಳು ಬಂದಿತು. ಅಷ್ಟೂ ದಿನಗಳ ಅಳು ಒಮ್ಮೆಲೇ ಬಂದಿತು. ಹೊಲಿಯುವವಳು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ರೈತ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಅತ್ತು ಮುಗಿದ ಮೇಲೆ ಹುಡುಗಿ ಸೂಜಿ ಕೇಳಿದಳು. ಕೊನೆಯ ಗೇಣನ್ನು ಹೊಲಿದಳು. ಹೊಲಿಗೆ ಒಂದು ಉದ್ದವಾಯಿತು, ಒಂದು ಗಿಡ್ಡವಾಯಿತು. ಎಳೆದ ಕಡೆ ಬಟ್ಟೆ ನೆರಿಗೆಗಟ್ಟಿತು. ಖಾರದ ಎಣ್ಣೆ ಎಳ್ಳಮಾವಾಸ್ಯೆಯ ಸೀರೆಯ ತುಂಡಿನ ಮೇಲೆ ಮೂಡಿತು. ಹೊಲಿಗೆ ಮುಗಿದದ್ದೇ ತಡ, ಅವಳು ಆ ಕೌದಿಯನ್ನು ಹೊದ್ದು ಅಲ್ಲೇ ಪಡಸಾಲೆಯಲ್ಲಿ ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಉಸಿರು ನಿಧಾನವಾಯಿತು.

ರೈತ ಒಳಗೆ ಬಂದು ಆ ಸೊಟ್ಟ ಹೊಲಿಗೆಯನ್ನು ನೋಡಿದ. ಕಣ್ಣೊರಸಿಕೊಂಡು, "ಅಕ್ಕಾ, ನಿನ್ನ ಹೆಸರು ಕೆಟ್ಟಿತಲ್ಲ" ಎಂದ.

"ಸುಮ್ಮನಿರು," ಎಂದಳು ಹೊಲಿಯುವವಳು. "ಎಚ್ಚರಾದೀತು."

ಹುಡುಗಿ ಹೊತ್ತು ಇಳಿಯುವ ತನಕ ಮಲಗಿದಳು. ಎದ್ದವಳು ಮೊದಲು ಕೇಳಿದ್ದು ಉಣ್ಣಲಿಕ್ಕೆ.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ಅವರು ಯಾವ ಕತೆಯನ್ನೂ ದನಿ ಏರಿಸಿ ಹೇಳುತ್ತಿರಲಿಲ್ಲ. ಮಾತು ಮುಗಿದ ಮೇಲೆ ಒಮ್ಮೆ ವಿಭೂತಿಯ ಹಣೆಯನ್ನು ಸವರಿಕೊಳ್ಳುತ್ತಿದ್ದರು. ಅಂದೂ ಸವರಿಕೊಂಡರು.

ಮಾಸ್ತರರು ಸ್ವಲ್ಪ ಯೋಚಿಸಿ, "ಹಾಗಾದರೆ ಕೊನೆಯನ್ನು ಅರ್ಧಕ್ಕೇ ಬಿಡಬೇಕೆಂದು ಹೇಳುತ್ತೀರಾ?" ಎಂದು ಕೇಳಿದರು.

"ಮೂರು ಬದಿ ಹೊಲಿಯದೆ ಬಿಟ್ಟಿದ್ದರೆ ಆ ರೊಟ್ಟಿ ಒಳಗೆ ನಿಲ್ಲುತ್ತಿತ್ತೇ?" ಎಂದರು ಅಜ್ಜನವರು.

ಮಾಸ್ತರರು ಒಪ್ಪಿದರು. ಆದರೂ ಅವರ ಸಂಶಯ ಹೋಗಲಿಲ್ಲ. "ಅಜ್ಜಾರೇ, ಕೌದಿ ಒಬ್ಬಳಿಗೆ. ಕಾದಂಬರಿಯನ್ನು ನೂರಾರು ಜನ ಓದುತ್ತಾರೆ. ಅವರ ಮುಖವನ್ನೂ ನಾನು ಕಂಡಿರುವುದಿಲ್ಲ. ಯಾರ ಮನಸ್ಸಿನಲ್ಲಿ ಯಾವ ಹಸಿವಿದೆ ಎಂದು ನನಗೆ ಹೇಗೆ ತಿಳಿಯಬೇಕು?"

ಅಜ್ಜನವರು ಕಾದಂಬರಿಯ ಗಂಟನ್ನು ಮಾಸ್ತರರ ಕೈಗೆ ತಿರುಗಿ ಕೊಟ್ಟರು.

"ಹೊಲಿಯುವವಳಿಗೂ ತಿಳಿದಿರಲಿಲ್ಲ, ಗದಿಗಯ್ಯಾ. ಅವಳು ಗೇಣು ಬಿಚ್ಚಿದಳು, ಅಷ್ಟೇ."

ಮಾಸ್ತರರು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಲ್ಲವ್ವ ಮೊರವನ್ನು ಕೆಳಗಿಟ್ಟು ತನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಅಂದು ಯಾರೂ ಎದ್ದುಹೋಗಲಿಲ್ಲ.

ನನಗೆ ಬರೆಯಲು ಬಂದದ್ದು ಇಷ್ಟು. ಒತ್ತಕ್ಷರ ತಪ್ಪಿರಬಹುದು, ಹಿರಿಯರ ಮಾತನ್ನು ಹೇಳಬೇಕಾದ ರೀತಿಯಲ್ಲಿ ಹೇಳದೆ ಇರಬಹುದು. ಓದಿದವರು ನನ್ನ ತಪ್ಪುಗಳನ್ನು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.