ಸಾದಾ ಕಾರು

ಬೆಳಗಿನ ಏಳು ಗಂಟೆ. ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ನದಿಯ ದಡದ ಆಶ್ರಮದ ಅಂಗಳದಲ್ಲಿ ಮೂವರಿದ್ದರು: ಗುರು ರೇವಣಾರಾಧ್ಯರು, ಮೂವತ್ತು ವರ್ಷಗಳಿಂದ ಆಶ್ರಮದ ವಾಹನಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಪ್ಪ, ಮತ್ತು ಗುಜರಿ ವ್ಯಾಪಾರಿ ಪರಸಪ್ಪ.

ಭಕ್ತರೊಬ್ಬರು ಒಂದೇ ವರ್ಷ ಕೊಟ್ಟ ಎರಡು ಕಾರುಗಳು ಅಲ್ಲಿದ್ದವು. ಕಂಪನಿ ಒಂದೇ, ಎಂಜಿನ್ ಒಂದೇ. ಒಂದಕ್ಕೆ ಚರ್ಮದ ಸೀಟು, ರೇಡಿಯೊ, ಎರಡು ಬಣ್ಣ. ಇನ್ನೊಂದು ಸಾದಾ. ಅದಕ್ಕೆ ಗಡಿಯಾರವೂ ಇರಲಿಲ್ಲ.

ಚಂದದ ಕಾರು ಹಬ್ಬದ ದಿನ ಮಾತ್ರ ಹೊರಬರುತ್ತಿತ್ತು. ಸಾದಾ ಕಾರು ಸೌದೆ ಹೊತ್ತಿತು, ಅಕ್ಕಿಮೂಟೆ ಹೊತ್ತಿತು, ಸುತ್ತಲ ಹಳ್ಳಿಗಳ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿತು. ಮರುಳಪ್ಪನ ತಾಯಿ ಕೊನೆಯುಸಿರೆಳೆದದ್ದು ಅದರ ಹಿಂದಿನ ಸೀಟಿನಲ್ಲಿ, ಮಗನೇ ಓಡಿಸುತ್ತಿದ್ದಾಗ.

ಮೂರು ವರ್ಷದಿಂದ ಅದು ಕದಲಿರಲಿಲ್ಲ. ಅದನ್ನು ಒಯ್ಯಲು ಪರಸಪ್ಪ ಬಂದಿದ್ದ. ಈ ತಾಲ್ಲೂಕಿನಲ್ಲಿ ಚಂದದವು ಇನ್ನೂ ನಾಲ್ಕಿವೆ, ಸಾದಾ ಇದೊಂದೇ ಎಂದು ಹೇಳಿದ.

"ಸಾದಾ ಗಾಡಿ ಜೀತದಾಳು ಇದ್ದಂಗೆ ಬುದ್ಧಿ. ಬಿದ್ದ ಮೇಲೆ ಯಾರೂ ಡಾಕ್ಟರನ್ನ ಕರೆಸಲ್ಲ" ಎಂದು ನಕ್ಕ. ಉಳಿದವರು ನಗಲಿಲ್ಲ.

ಮರುಳಪ್ಪ ಗುರುಗಳ ಕಾಲು ಹಿಡಿದ. ಕಾರನ್ನು ಕೊಡಬಾರದೆಂದು ಬೇಡಿದ. ಎರಡರ ಎಂಜಿನ್ನೂ ಒಂದೇ ಆಗಿರುವಾಗ ಇದೊಂದೇ ಏಕೆ ಸಾಯಬೇಕೆಂದು ಕೇಳಿದ.

"ಬಾನೆಟ್ ತೆಗೆ" ಎಂದರು ಗುರುಗಳು.

ತೆಗೆದ. ಕಾರ್ಬುರೇಟರ್ ಇರಲಿಲ್ಲ. ಡೈನಮೋ ಇರಲಿಲ್ಲ. ರೇಡಿಯೇಟರ್ ಇದ್ದ ಜಾಗದಲ್ಲಿ ಬೆಳಕು ಕಾಣುತ್ತಿತ್ತು.

"ಎಲ್ಲಿವೆ?"

"ಆ ಕಾರಿನಲ್ಲಿವೆ, ಗುರುಗಳೇ. ಅದು ಕೆಟ್ಟಾಗಲೆಲ್ಲ ಇದರಿಂದ ಬಿಚ್ಚಿ ಹಾಕಿದೆ."

"ಹಾಗೆ ಮಾಡೆಂದು ಯಾರು ಹೇಳಿದ್ದರು?"

"ಯಾರೂ ಹೇಳಲಿಲ್ಲ."

ಈಗಲೇ ಎಲ್ಲವನ್ನೂ ವಾಪಸು ಜೋಡಿಸುತ್ತೇನೆ, ಒಂದು ದಿನ ಕೊಡಿ ಎಂದು ಅಂಗಲಾಚಿದ. ಗುರುಗಳು ಸ್ಪ್ಯಾನರ್ ಎತ್ತಿ ಅವನ ಕೈಗಿಟ್ಟರು.

ಮರುಳಪ್ಪ ಚಂದದ ಕಾರಿನ ಬಳಿಗೆ ನಡೆದ. ಬಾನೆಟ್ ತೆಗೆದ. ಬಣ್ಣಕ್ಕೆ ಗೀರು ಬೀಳದಂತೆ ಹೆಗಲ ಮೇಲಿನ ಟವೆಲನ್ನು ಮಡ್‌ಗಾರ್ಡಿನ ಮೇಲೆ ಹಾಸಿದ, ಸುಕ್ಕು ಸರಿಪಡಿಸಿದ. ಆಮೇಲೆ ಬಗ್ಗಿದ.

"ನಿಲ್ಲು. ಸಾದಾ ಕಾರನ್ನು ಬಿಚ್ಚುವಾಗ ಈ ಟವೆಲ್ ಎಲ್ಲಿರುತ್ತಿತ್ತು?"

ಮರುಳಪ್ಪ ಟವೆಲನ್ನು ಮಡ್‌ಗಾರ್ಡಿನಿಂದ ಎತ್ತಿಕೊಂಡ.

"ಹೆಗಲ ಮೇಲೆ."

ಗುರುಗಳ ಕಣ್ಣು ತುಂಬಿತ್ತು; ದನಿ ಬದಲಾಗಲಿಲ್ಲ.

"ತೆಗೆದುಕೊಂಡು ಹೋಗು, ಪರಸಪ್ಪ. ಇದು ಸತ್ತು ಬಹಳ ವರ್ಷವಾಯಿತು. ಇವನಿಗೆ ಇವತ್ತು ತಿಳಿಯಿತು."